ಹಸಿ ಗಾರೆಯ ಕಮಾನು

"ತಲೆ ಕಡೆ ಸ್ವಲ್ಪ ಎತ್ತಿ," ಎಂದ ಹಿರಿಯ ಮಗ. ನಾಲ್ವರು ಸೇರಿ ಮೇಸ್ತ್ರಿಯ ದೇಹವನ್ನು ಶವವಾಹನದೊಳಗೆ ಸರಿಸಿದರು. ಅತ್ತು ಅತ್ತು ಹೆಂಡತಿಯ ಕಣ್ಣು ಬತ್ತಿಹೋಗಿದೆ ಎಂದು ಬಂದವರು ಮರುಗಿದರು. ನಿಜ ಹೇಳಬೇಕೆಂದರೆ ಅವಳು ಒಂದು ಹನಿ ಕಣ್ಣೀರನ್ನೂ ಹಾಕಿರಲಿಲ್ಲ.

ಪೇಟೆಯ ಹಳೇ ಕಮಾನಿನ ಕೆಳಗೆ ವಾಹನ ನಿಲ್ಲಿಸಿ ಗೌರವ ಸಲ್ಲಿಸುವುದೆಂದು ನಗರಸಭೆಯವರು ಹೇಳಿ ಕಳಿಸಿದ್ದರು. ನಗರಸಭೆಗೆ ಸತ್ತವರ ಮೇಲೆ ಪ್ರೀತಿ ಜಾಸ್ತಿ. ನೂರು ವರ್ಷದ ಆ ಕಮಾನನ್ನು ರಸ್ತೆ ಅಗಲ ಮಾಡಲೆಂದು ಕಲ್ಲು ಕಲ್ಲಾಗಿ ಬಿಚ್ಚಿ, ಒಂದೊಂದಕ್ಕೂ ನಂಬರು ಬರೆದು, ಆಚೆ ಸರಿಸಿ ಮತ್ತೆ ಕಟ್ಟಿದವನು ಮೇಸ್ತ್ರಿ. ಆ ಕೆಲಸದಲ್ಲಿ ಕಲ್ಲು ಕುಸಿದು ಒಂದು ಜೀವ ಹೋಯಿತು. ಅದು ಮೇಸ್ತ್ರಿಯ ಹೆಂಡತಿಯ ತಮ್ಮನದು. ಹೇಳದೆ ಕೇಳದೆ ಬೆಣೆ ಕಿತ್ತ ಎಂದು ವರದಿಯಲ್ಲಿ ಬರೆದರು. ಮೂವತ್ತು ವರ್ಷ ಊರೂ ಅದನ್ನೇ ಆಡಿಕೊಂಡಿತು, ಅವಳೂ ನಂಬಿದಳು.

*

ಆರು ದಿನದ ಹಿಂದೆ, ಮಧ್ಯಾಹ್ನ, ಆಸ್ಪತ್ರೆಯಲ್ಲಿ ಅವಳು ಗಂಡನ ಬಾಯಿಗೆ ಚಮಚದಲ್ಲಿ ನೀರು ಬಿಡುತ್ತಿದ್ದಳು. ಅವನು ಸಾಕೆಂದು ತಲೆಯಾಡಿಸಿ ಕಮಾನಿನ ಮಾತೆತ್ತಿದ. ಗಾರೆ ಒಣಗುವವರೆಗೆ ಕಲ್ಲಿನ ಭಾರ ಹೊರುವುದು ಕೆಳಗಿನ ಮರದ ಚೌಕಟ್ಟು, ಅದನ್ನು ಬಿಗಿಹಿಡಿಯುವುದು ಬೆಣೆ. ಇಪ್ಪತ್ತೊಂದು ದಿನ ಮುಟ್ಟುವಂತಿಲ್ಲ. ಮೇಲಿನವರು ಹದಿನೈದನೇ ದಿನಕ್ಕೇ ಉದ್ಘಾಟನೆ ಇಟ್ಟುಕೊಂಡಿದ್ದರು.

"ನಾನೇ ಕೀಳು ಅಂದೆ. ಬೇಡ ಭಾವ, ಗಾರೆ ಇನ್ನೂ ಹಸಿ ಇದೆ ಅಂದ ನಿನ್ನ ತಮ್ಮ. ಹೆದರುಪುಕ್ಕಲ ಅಂತ ಬೈದೆ."

ಅವಳು ಚಮಚವನ್ನು ಲೋಟದೊಳಗೆ ಇಟ್ಟುಬಿಟ್ಟಳು. ಆಮೇಲೆ ಅವನು ಸಾಯುವವರೆಗೂ ನೀರು ಕುಡಿಸಿದ್ದು ನರ್ಸು.

*

ಕಮಾನಿನ ಕೆಳಗೆ ನಗರಸಭೆಯ ಎಂಜಿನಿಯರು ಹೂಮಾಲೆ ಇಟ್ಟು ಮೇಸ್ತ್ರಿಯ ಗುಣಗಾನ ಮಾಡಿದ. ಭಾವಮೈದುನ ಅವಸರಗೇಡಿಯಾಗಿ ಅನಾಹುತ ಮಾಡಿಕೊಂಡರೂ ಎದೆಗುಂದದೆ ಮತ್ತೆ ಕಟ್ಟಿ ನಿಲ್ಲಿಸಿದ ಧೀರ ಎಂದ. ಗುಂಪಿನ ಹಿಂದೆ ಆ ತಮ್ಮನ ಹೆಂಡತಿ ನಿಂತಿದ್ದಳು. ಗಂಡ ಸತ್ತ ಮೇಲೆ ಒಂದೇ ಒಂದು ಸಲ ಬಂದು ಹೋದವಳು, ಮತ್ತೆ ಇವರ ಹೊಸ್ತಿಲು ತುಳಿದಿರಲಿಲ್ಲ.

ಮೇಸ್ತ್ರಿಯ ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. "ನನ್ನ ತಮ್ಮ ಬೇಡ ಅಂದಿದ್ದ. ಬೆಣೆ ಕೀಳಿಸಿದ್ದು ಇವರು," ಎಂದು ವಾಹನದ ಕಡೆ ಕೈ ತೋರಿಸಿದಳು.

ಮಗ ಬಂದು ಅವಳ ಭುಜ ಹಿಡಿದ. ದುಃಖಕ್ಕೆ ಅಮ್ಮನ ತಲೆ ಕೆಟ್ಟಿದೆ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಎಲ್ಲರಿಗೂ ಕೈಮುಗಿದ. ಎಂಜಿನಿಯರು ಅಯ್ಯೋ ಪಾಪ ಎನ್ನುವ ಮುಖ ಮಾಡಿ ಮಾತು ಮುಂದುವರಿಸಿದ.

ಅವಳು ಮಗನ ಕೈ ಕೊಡವಿ ಗುಂಪಿನ ಹಿಂದಕ್ಕೆ ಹೋದಳು. "ನನಗೆ ಗೊತ್ತಾಗಿದ್ದು ಆರು ದಿನದ ಹಿಂದೆ ಕಣೇ."

"ನಿಮಗೆ ಆವತ್ತೇ ಬಂದು ಹೇಳಿದ್ದೆ ಅತ್ತಿಗೆ," ಎಂದಳು ತಮ್ಮನ ಹೆಂಡತಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಭಾವ ಬಲವಂತ ಮಾಡ್ತಿದಾರೆ ಅಂತ ಅವರು ಬೆಳಿಗ್ಗೆನೇ ಹೇಳಿ ಹೋಗಿದ್ರು. ನೀವು, ದುಃಖಕ್ಕೆ ಇವಳ ತಲೆ ಕೆಟ್ಟಿದೆ ಅಂತ ಬಾಗಿಲು ಹಾಕ್ಕೊಂಡ್ರಿ."

ವಾಹನ ಹೊರಟಿತು. ತಮ್ಮನ ಹೆಂಡತಿ ಬಂದ ದಾರಿಗೆ ತಿರುಗಿ ನಡೆದಳು. ಮಗ ಎರಡು ಸಲ ಕರೆದರೂ ಕೇಳದೆ ಮೇಸ್ತ್ರಿಯ ಹೆಂಡತಿ ಅವಳ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಹೊರಟಳು. ಮುಂದಿನವಳು ನಡಿಗೆ ನಿಧಾನ ಮಾಡಲಿಲ್ಲ, ಬರಬೇಡಿ ಎಂದೂ ಅನ್ನಲಿಲ್ಲ.