ಮಣಿಕಟ್ಟಿನ ಮುಲಾಮು

ಮಾಲೂರಿನ ಕಾರ್ಖಾನೆಯಲ್ಲಿ ಕಾಡ್ಗಿಚ್ಚು ಪತ್ತೆಹಚ್ಚುವ ಉಪಗ್ರಹದ ಕನ್ನಡಿಯನ್ನು ಜೋಡಿಸಿ ಸುನಂದ ಇನ್ನೇನು ಪೆಟ್ಟಿಗೆ ಮುಚ್ಚಬೇಕು, ಕೈಗವಸಿನ ಅಂಚಿನಿಂದ ಕರ್ಪೂರದ ಘಾಟು ಬಂತು. ಬೆಳಿಗ್ಗೆ ಕೆಮ್ಮುತ್ತಿದ್ದ ಮಗಳ ಎದೆಗೆ ಮುಲಾಮು ತಿಕ್ಕಿ ಬಂದಿದ್ದಳು. ಬೆರಳು ತೊಳೆದದ್ದು ನೆನಪಿತ್ತು, ಮಣಿಕಟ್ಟು ತೊಳೆದದ್ದು ನೆನಪಿರಲಿಲ್ಲ.

ಕಣ್ಣಿಗೆ ಕಾಣದಷ್ಟು ಜಿಡ್ಡು ಸಾಕಿತ್ತು. ಕಕ್ಷೆಯಲ್ಲಿ ಅದು ಆವಿಯಾಗಿ ತಣ್ಣನೆಯ ಕನ್ನಡಿಯ ಮೇಲೆ ಪೊರೆಯಂತೆ ಕೂರುತ್ತದೆ, ಬೆಂಕಿಯ ಅತಿಗೆಂಪು ಕಿರಣವನ್ನು ನುಂಗುತ್ತದೆ. ಆಮೇಲೆ ಕಾಡು ಹೊತ್ತಿ ಉರಿದರೂ ಉಪಗ್ರಹಕ್ಕೆ ಕಾಣುವುದಿಲ್ಲ. ಮೇಲೆ ಹೋಗಿ ಒರೆಸುವವರಿಲ್ಲ.

ದೇವರಾಯಸಮುದ್ರದಲ್ಲಿ ರೇಷ್ಮೆಹುಳು ಸಾಕುವ ಅವಳ ಅಮ್ಮ ಮುತ್ಯಾಲಮ್ಮ ಇದೇ ವಾಸನೆಗೆ ಅವಳನ್ನು ಬಾಗಿಲಲ್ಲೇ ತಡೆಯುತ್ತಿದ್ದಳು: "ಹುಳದ ಮನೆಗೆ ಕಾಲಿಟ್ಟೀಯ, ಹುಷಾರ್ ಕಣೇ." ಒಮ್ಮೆ ಸುನಂದ ಮುಲಾಮು ತೊಳೆದಿದ್ದೇನೆಂದು ಸುಳ್ಳು ಹೇಳಿ ಒಳಹೊಕ್ಕಿದ್ದಳು, ಮಾರನೆಯ ದಿನ ತಟ್ಟೆಗಟ್ಟಲೆ ಹುಳು ಸತ್ತಿದ್ದವು.

"ಸೀಲ್ ಹಾಕ್ಲೇನಮ್ಮಾ?" ಎಂದರು ಮೇಲ್ವಿಚಾರಕ ಅಮರನಾಥ್.

"ಬೇಡ ಸಾರ್. ನನ್ ಕೈಲಿ ಮುಲಾಮು ಐತೆ." ಕೆಲಸ ಹೋಯಿತೆಂದೇ ಅವಳು ಅಂದುಕೊಂಡಳು.

ಅಮರನಾಥ್ ನಿಟ್ಟುಸಿರು ಬಿಟ್ಟರು. "ಈಗ್ಲೇ ಹೇಳ್ದೆಯಲ್ಲ, ಬಚಾವಾದ್ವಿ. ತೊಳಿಸೋಣ ಬಿಡು."

ಸುನಂದ ಕೈಗವಸು ಕಳಚಿ ಮಣಿಕಟ್ಟನ್ನು ಮತ್ತೆ ಮೂಸಿದಳು. ಹೋದ ತಿಂಗಳು ಕಕ್ಷೆಗೇರಿದ ಕನ್ನಡಿಯನ್ನು ಅವಳು ಜೋಡಿಸಿದ ದಿನವೂ ಮಗಳು ಕೆಮ್ಮುತ್ತಿದ್ದಳು.