ಪೌಡರ್ ಹಚ್ಚಿಕೊಂಡ ಎಂಜಿನ್

ಅಕ್ಕ ಕಾರಿನ ಜೊತೆಗೆ ಎಪ್ಪತ್ಮೂರು ರಟ್ಟುಗಳನ್ನೂ ತಂದಿದ್ದಳು. ಹಿಂದಿನ ಸೀಟಿನ ತುಂಬ ಅವೇ.

"ಇದೇನಕ್ಕ, ರದ್ದಿ ಅಂಗಡಿ ಇಡ್ತೀಯಾ?" ಎಂದ ತಮ್ಮ. ಅವನು ಮೆಕ್ಯಾನಿಕ್ಕು. ಐವತ್ತು ದಾಟಿದ್ದ. ಕಾರು ನೋಡುವ ಮೊದಲು ಕಾರು ತಂದವರ ಮುಖ ನೋಡುವ ಪೈಕಿ.

"ದಿನಾ ಸಂಜೆ ಕಾರಿನ ಕೆಳಗೆ ಒಂದು ರಟ್ಟು ಹಾಸ್ತಿದ್ದೆ ಕಣೋ. ಬೆಳಿಗ್ಗೆ ತೆಗೆದು ತಾರೀಕು ಬರೆದಿಡ್ತಿದ್ದೆ. ಮಕ್ಕಳ ತೂಕ ಬರೆದಿಡೋ ಹಾಗೆ. ಅಭ್ಯಾಸ, ಬಿಡೋಕಾಗಲ್ಲ."

ಅವಳು ಹೆರಿಗೆ ನರ್ಸ್ ಆಗಿದ್ದವಳು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಆ ಹಳೆಯ ಡೀಸೆಲ್ ಕಾರಿನಲ್ಲೇ ಇಪ್ಪತ್ತೆರಡು ವರ್ಷ ಓಡಾಡಿದ್ದಳು. ಅವಳು ನಿವೃತ್ತಳಾದ ವರ್ಷವೇ ಕಾರಿನಿಂದ ಎಣ್ಣೆ ಸೋರತೊಡಗಿತು. ತಮ್ಮನಿಗೆ ಮೊದಲೇ ಕೈತುಂಬ ಕೆಲಸ ಎಂದು ಬೇರೆ ಇಬ್ಬರಿಗೆ ತೋರಿಸಿದಳು. ಒಬ್ಬ ಎಂಜಿನ್ನನ್ನೇ ಇಳಿಸಬೇಕು ಎಂದ. ಇನ್ನೊಬ್ಬ ನೋಡದೆಯೇ ಗುಜರಿಗೆ ಹಾಕಿ ಎಂದ.

ಊಟವಾದ ಮೇಲೆ ತಮ್ಮ ರಟ್ಟುಗಳನ್ನು ತಾರೀಕಿನ ಪ್ರಕಾರ ಶೆಡ್ಡಿನ ನೆಲದ ಮೇಲೆ ಹರಡಿದ. ಮಾಡಿನ ಒಂದೇ ಒಂದು ಪಾರದರ್ಶಕ ತಗಡಿನಿಂದ ಬಿಸಿಲು ಇಳಿದು ಅವುಗಳ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅವನು ಚಪ್ಪಲಿ ಕಳಚಿ ರಟ್ಟುಗಳ ನಡುವೆ ಅಡ್ಡಾಡಿದ. ಮೊದಲ ವಾರಗಳಲ್ಲಿ ಒಂದೇ ಕಂದು ಚುಕ್ಕೆ. ಆಮೇಲೆ ಅದರ ಹಿಂದೆ ಇನ್ನೊಂದು. ಬರಬರುತ್ತಾ ಮೂರನೆಯದು. ಚುಕ್ಕೆಗಳು ಅಗಲವಾಗುತ್ತ, ಅಂಚು ತೆಳುವಾಗುತ್ತ, ಕೊನೆಯ ಸಾಲಿಗೆ ಬರುವಾಗ ಒಂದನ್ನೊಂದು ಮುಟ್ಟಿಕೊಂಡು ಮೋಡಗಳಾಗಿದ್ದವು. ನಡೆಯುತ್ತ ನಡೆಯುತ್ತ ತಾನೇ ಎಲ್ಲೋ ಬಹಳ ಎತ್ತರದಿಂದ ಯಾವುದೋ ಸಮುದ್ರ ನೋಡುತ್ತಿದ್ದೇನೆ ಎನಿಸಿತು ಅವನಿಗೆ.

ಅಲ್ಲಲ್ಲಿ ಬೇರೆ ಜಾತಿಯ ರಟ್ಟು ಸೇರಿಕೊಂಡಿತ್ತು. ದಪ್ಪನೆಯದು, ಚರ್ಮದ ವಾಸನೆಯದು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಚೀಲದ ಆಕಾರ, ಹಿಡಿಕೆಯ ಬಾಗು, ಅಳತೆಯ ಅಂಕಿಗಳು. ಏಳು ಎಂಬ ಅಂಕಿಯ ಹೊಟ್ಟೆಗೆ ಅಡ್ಡಗೆರೆ. ಹಾಗೆ ಏಳು ಬರೆಯುವವರು ಅವನಿಗೆ ಗೊತ್ತಿದ್ದಂತೆ ಒಬ್ಬರೇ. ಅವನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ.

ಆ ಅಂಕಿ ಅವನ ತಂಗಿಯದು. ಅವಳು ಚರ್ಮದ ಚೀಲ ಹೊಲಿಯುವವಳು. ಗುಡ್ಡದ ಆಚೆಯ ಪಟ್ಟಣದಲ್ಲಿ ಮನೆ. ಆರು ವರ್ಷದಿಂದ ಅಣ್ಣ ತಂಗಿಯರ ನಡುವೆ ಮಾತಿಲ್ಲ; ಅಕ್ಕ ಮಾತ್ರ ಅವಳ ಮನೆಗೆ ಹೋಗಿ ಬರುತ್ತಿದ್ದಳು. ಅಪ್ಪನಿಗೆ ಹುಷಾರು ತಪ್ಪಿದಾಗ ಅಕ್ಕ ಆಸ್ಪತ್ರೆಯಲ್ಲಿ ಅಪ್ಪನ ಪಕ್ಕದಲ್ಲಿದ್ದಳು. ತಂಗಿಗೆ ಸುದ್ದಿ ಮುಟ್ಟಿಸುವ ಹೊಣೆ ಅವನದಾಗಿತ್ತು. ಅವತ್ತು ಅವನು ಯಾವುದೋ ಲಾರಿಯ ಕೆಳಗಿದ್ದ. ಇದೊಂದು ಬೋಲ್ಟು ಬಿಚ್ಚಿ ಹೇಳೋಣ, ಇನ್ನೊಂದು ಬಿಚ್ಚಿ ಹೇಳೋಣ ಎನ್ನುತ್ತಲೇ ಸಂಜೆಯಾಯಿತು. ಅವಳು ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. "ಒಂದು ಮಾತು ಹೇಳೋಕೆ ನಿನಗೆ ಪುರುಸೊತ್ತು ಸಿಗಲಿಲ್ವಾ?" ಎಂದು ಅವಳು ಎಲ್ಲರೆದುರು ಕೇಳಿದಳು. ತಪ್ಪು ತನ್ನದೇ ಎಂದು ಗೊತ್ತಿದ್ದದ್ದಕ್ಕೇ ಅವನಿಗೆ ಸಿಟ್ಟು ಬಂತು. "ಅಪ್ಪ ಇದ್ದಾಗ ನೀನೆಷ್ಟು ಸಲ ಬಂದಿದ್ದೆ?" ಎಂದುಬಿಟ್ಟ. ಅಷ್ಟೇ.

ರಟ್ಟುಗಳನ್ನು ಎತ್ತಿಡುವಾಗ ಅವನು ಕೆಲಸದ ಮಾತನ್ನಷ್ಟೇ ಆಡಿದ.

"ಎಣ್ಣೆ ತಡೆಯೋ ಮೂರು ಸೀಲುಗಳು ಮಾತಾಡಿಕೊಂಡು ಒಂದೇ ವರ್ಷ ಸೋರಲ್ಲ ಅಕ್ಕ. ಒಳಗೇನೋ ಒತ್ತುತಾ ಇದೆ."

ಎಂಜಿನ್ ಚಾಲೂ ಮಾಡಿ, ಎಣ್ಣೆ ಹಾಕುವ ಬಾಯಿಯ ಮುಚ್ಚಳ ತಿರುಗಿಸಿ ಸಡಿಲ ಬಿಟ್ಟ. ಕುದಿಯುವ ಪಾತ್ರೆಗೆ ಮುಚ್ಚಿದ ತಟ್ಟೆಯಂತೆ ಅದು ಕುಣಿಯತೊಡಗಿತು. ಸಂದಿಯಿಂದ ಹೊಗೆ ಉಸ್ಸೆಂದಿತು. ಎಂಜಿನ್ನಿನೊಳಗಿನ ಹಬೆ ಹೊರಹೋಗಲು ಇರುವ ಬ್ರೀದರ್ ಪೈಪನ್ನು ಬಿಚ್ಚಿ ನೋಡಿದರೆ ಒಳಗೆ ಡಾಂಬರಿನಂಥ ಜಿಡ್ಡು. ತಂತಿ ತೂರಿಸಿದರೂ ಹೋಗದು.

"ಪಾಪ, ಉಸಿರು ಕಟ್ಟಿತ್ತು ಅನ್ನು," ಎಂದಳು ಅಕ್ಕ.

ಪೈಪು ತೊಳೆದು ಹಾಕಿದ ಮೇಲೆ ಮುಚ್ಚಳ ಕುಣಿಯುವುದು ನಿಂತಿತು. ಎರಡು ದಿನ ಕಾದರು. ಎರಡು ಚುಕ್ಕೆಗಳು ಹೆಚ್ಚೂಕಡಿಮೆ ಮಾಯವಾದವು. ಮೂರನೆಯದು ಜಪ್ಪಯ್ಯ ಎನ್ನಲಿಲ್ಲ.

ಎಣ್ಣೆ ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ. ಓಡುವ ಗಾಳಿ ಅದನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ ಎಲ್ಲೆಲ್ಲೋ ಬಳಿಯುತ್ತದೆ. ಹಾಗಾಗಿ ಎಂಜಿನ್ನನ್ನು ತೊಳೆದು, ಒರೆಸಿ, ಗಾಳಿ ಹೊಡೆದು ಒಣಗಿಸಿದ. ಆಮೇಲೆ ಅಕ್ಕ ಮುಖಕ್ಕೆ ಹಾಕುವ ಪೌಡರಿನ ಡಬ್ಬಿ ತಂದು ಎರಡೂ ಕೈಯಿಂದ ಉದುರಿಸಿದಳು. ಕಪ್ಪು ಕಬ್ಬಿಣವೆಲ್ಲ ಬಿಳಿಯಾಯಿತು. ಪೈಪುಗಳು, ತಿರುಪುಗಳು, ಟರ್ಬೊದ ಬಸವನಹುಳುವಿನಂಥ ಮೈ, ಎಲ್ಲ ಬೆಳಗಿನ ಇಬ್ಬನಿಯಲ್ಲಿ ನಿದ್ದೆ ಹೋದಂತೆ ಕಂಡವು. ಇಬ್ಬರ ಹುಬ್ಬೂ ರೆಪ್ಪೆಯೂ ಬೆಳ್ಳಗಾಗಿದ್ದವು. ಒಬ್ಬರನ್ನೊಬ್ಬರು ನೋಡಿ ಬಿದ್ದು ಬಿದ್ದು ನಕ್ಕರು.

"ಎಣ್ಣೆ ಎಲ್ಲಿಂದ ಬಂದ್ರೂ ಇನ್ನು ಪೌಡರಿನ ಮೇಲೆ ಗೆರೆ ಬೀಳುತ್ತೆ. ಈಗ ಏರು ದಾರಿಯಲ್ಲಿ ಓಡಿಸ್ಬೇಕು. ಟರ್ಬೊ ಚೆನ್ನಾಗಿ ತಿರುಗಬೇಕು. ಒಂದು ನಲವತ್ತು ಕಿಲೋಮೀಟರಾದ್ರೂ."

"ಅಂಥ ದಾರಿ ನನಗೆ ಗೊತ್ತು," ಎಂದಳು ಅಕ್ಕ. ತುಸು ಬೇಗನೆ ಎಂದಳು.

ಮಧ್ಯಾಹ್ನ ಹೊರಟರು. ಗುಡ್ಡ ಏರುತ್ತಿದ್ದಂತೆ ಮಂಜು ಕವಿಯಿತು. ಟರ್ಬೊ ಸಣ್ಣ ದನಿಯಲ್ಲಿ ಸಿಳ್ಳೆ ಹಾಕುತ್ತಿತ್ತು. ತಿರುವು ಬಂದಾಗ ಸಿಳ್ಳೆ ಇಳಿಯುವುದು, ದಾರಿ ನೇರವಾದಾಗ ಏರುವುದು. ಅಕ್ಕ ಕಣ್ಣು ಮುಚ್ಚಿ ತಾನು ಈ ದಾರಿಯಲ್ಲಿ ಹೋಗಿದ್ದ ಮನೆಗಳನ್ನು ಹೇಳುತ್ತಿದ್ದಳು: ಇಲ್ಲಿ ಅವಳಿ, ಅಲ್ಲಿ ಕಾಲು ಮುಂದಾಗಿ ಬಂದ ಹುಡುಗಿ, ಆ ಕೆಂಪು ಬಾಗಿಲಿನ ಮನೆಯಲ್ಲಿ ಹುಟ್ಟಿ ಅರ್ಧ ಗಂಟೆ ಅಳದೇ ಸುಮ್ಮನೆ ಎಲ್ಲರನ್ನೂ ನೋಡುತ್ತಿದ್ದ ಕೂಸು. ಅವನಿಗೆ ರಸ್ತೆಯ ಸದ್ದು ಕೇಳುತ್ತಲೇ ಇರಲಿಲ್ಲ. ಕಾರು ನಿಂತಲ್ಲೇ ಇದ್ದು ಗುಡ್ಡವೇ ಹಿಂದಕ್ಕೆ ಹರಿಯುತ್ತಿರುವಂತಿತ್ತು.

ನೆತ್ತಿಯಲ್ಲಿ ದಾರಿ ಕವಲೊಡೆಯಿತು. ಬಲಕ್ಕೆ ಹೋದರೆ ಸುತ್ತು ಹಾಕಿ ಮನೆ. ಎಡಕ್ಕೆ ಹೋದರೆ ತಂಗಿಯ ಪಟ್ಟಣ. ಅವನು ಕಾರು ನಿಲ್ಲಿಸಿದ.

"ಆ ರಟ್ಟುಗಳನ್ನ ನೋಡಿದೆ, ಅಕ್ಕ."

"ನೋಡ್ಲಿ ಅಂತಲೇ ತಂದಿದ್ದೆ. ಎಡಕ್ಕೋ ಬಲಕ್ಕೋ ನೀನೇ ನೋಡು. ನಾನು ಬಾಯಿ ಬಿಡಲ್ಲ."

ಎಂಜಿನ್ ಗುಡುಗುಡು ಎನ್ನುತ್ತಿತ್ತು. ಮಂಜು ಗಾಜಿನ ಮೇಲೆ ಹನಿಯಾಗಿ ಇಳಿಯುತ್ತಿತ್ತು. ಹೋಗಿ ಏನು ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಹೊಳೆಯುವತನಕ ಕಾದರೆ ಇನ್ನಾರು ವರ್ಷ ಹೋಗುತ್ತದೆ ಎನಿಸಿತು. ಗೇರು ಹಾಕಿ ಎಡಕ್ಕೆ ತಿರುಗಿಸಿದ.

ತಂಗಿ ಅಂಗಳದಲ್ಲಿ ಚರ್ಮ ಒಣಹಾಕುತ್ತಿದ್ದಳು. ಕಾರು ಕಂಡು ಕೈಯೆತ್ತಿದಳು. ಸ್ಟಿಯರಿಂಗ್ ಹಿಂದೆ ಯಾರಿದ್ದಾರೆಂದು ಕಂಡು ಕೈ ಇಳಿಸಿದಳು. ಅವನ ಹುಬ್ಬಿನಲ್ಲಿ ಇನ್ನೂ ಪೌಡರಿತ್ತು. ಅವಳು ಅದನ್ನು ನೋಡಿದಳು; ನಗಲಿಲ್ಲ.

"ಸುಟ್ಟ ವಾಸನೆ ಬರ್ತಿದೆ ಅಕ್ಕ," ಎಂದಳು, ಅವನನ್ನು ಬಿಟ್ಟು.

ಅವನು ಇಳಿದು ಬಾನೆಟ್ ಎತ್ತಿದ. ಮೂವರೂ ಬಗ್ಗಿದರು. ಆ ಬಿಳುಪಿನ ನಡುವೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಕೆಳಗಿಳಿದಿತ್ತು. ಎಲ್ಲಿಂದ ಶುರು ಎಂದು ಅವನ ಟಾರ್ಚು ಹುಡುಕುತ್ತಿತ್ತು. ಕಣ್ಣಿಗೆ ಚಾಳೀಸು ಬಂದಿತ್ತು, ಹತ್ತಿರದ್ದು ಸರಿಯಾಗಿ ಕಾಣದು.

"ಅಲ್ಲ, ಇನ್ನೂ ಮೇಲೆ," ಎಂದಳು ತಂಗಿ. "ಆ ಬಸವನಹುಳು ಇದೆಯಲ್ಲ, ಅದರ ಹೊಟ್ಟೆ ಕೆಳಗೆ. ಪೈಪು ಕೂಡೋ ಕಡೆ. ಕಾಣ್ತಾ?"

ಆರು ವರ್ಷದ ನಂತರ ಅವಳು ಅವನಿಗೆ ಆಡಿದ ಮೊದಲ ಮಾತು ಅದು.

"ಕಾಣ್ತು," ಎಂದ ಅವನು.

ಟರ್ಬೊದೊಳಗೆ ಸುತ್ತಿ ಬಂದ ಎಣ್ಣೆ ಕೆಳಕ್ಕೆ ವಾಪಸಾಗುವ ಪೈಪು ಅದು. ಅದರ ಕೂಡುಜಾಗದ ಸಂದಿ ಮುಚ್ಚುವ ಗ್ಯಾಸ್ಕೆಟ್ ಸತ್ತಿತ್ತು. ಆದರೆ ಟರ್ಬೊ ಕಾದು ಕೆಂಡವಾಗಿತ್ತು. ಎರಡು ತಾಸು ಮುಟ್ಟುವಂತಿರಲಿಲ್ಲ. ಅಕ್ಕ ಅಡುಗೆಮನೆಗೆ ಹೋದಳು. ಅವನು ತಂಗಿಯ ಕೆಲಸದ ಕೋಣೆಯಲ್ಲಿ ಬೆಂಚಿನ ಮೇಲೆ ಕೂತ. ಅವಳು ಎದುರಿಗೆ ಕೂತು ದಾರಕ್ಕೆ ಮೇಣ ಉಜ್ಜುತ್ತಿದ್ದಳು. ಆ ಸದ್ದು ಕೇಳುತ್ತ ಅವನಿಗೆ ಜೊಂಪು ಹತ್ತಿತು.

ಕನಸಿನಲ್ಲಿ ಕಾರು ಹೋಗುತ್ತಿತ್ತು. ಅಪ್ಪ ಹಿಂದಿನ ಸೀಟಿನಲ್ಲಿ ಪೇಪರ್ ಓದುತ್ತಿದ್ದರು. ಪುಟ ತಿರುಗಿಸಿದಾಗಲೆಲ್ಲ ಹೊರಗಿನ ಮರಗಳು ಬದಲಾಗುತ್ತಿದ್ದವು. ಎಲ್ಲಿಗೆ ಹೋಗ್ಬೇಕಪ್ಪ ಎಂದು ಕೇಳಿದ. ಅಪ್ಪ ಕನ್ನಡಕದ ಮೇಲಿಂದ ನೋಡಿ, ಹೋಗ್ತಿರು, ಎಂದು ಮತ್ತೆ ಪೇಪರಿಗೆ ಇಳಿದರು. ಬೈಯಲಿಲ್ಲ.

ಎಚ್ಚರಾದಾಗ ತಲೆಯ ಕೆಳಗೆ ಮೆತ್ತನೆಯ ಚರ್ಮದ ಮಡಿಕೆ ಇತ್ತು. ಇಟ್ಟವಳು ತನಗೇನೂ ಗೊತ್ತಿಲ್ಲದಂತೆ ದಾರ ಎಳೆಯುತ್ತಿದ್ದಳು.

ಬಿಚ್ಚಿದ ಗ್ಯಾಸ್ಕೆಟ್ ಬೆರಳು ತಾಗಿದ ಕೂಡಲೇ ಒಣಎಲೆಯಂತೆ ಪುಡಿಯಾಯಿತು. ಹೊಸದನ್ನು ಕತ್ತರಿಸಲು ಗ್ಯಾಸ್ಕೆಟ್ ಹಾಳೆ ಅವನ ಬಳಿ ಇತ್ತು. ಬೋಲ್ಟಿನ ತೂತು ಹೊಡೆಯುವ ಉಳಿ ಇರಲಿಲ್ಲ. ತಂಗಿ ಡಬ್ಬಿ ತೆರೆದಳು. ಚರ್ಮಕ್ಕೆ ತೂತು ಹಾಕುವ ಉಳಿಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಂತಿದ್ದವು. ಅವನು ಪೈಪಿನ ಬಾಯಿಯನ್ನು ಹಾಳೆಯ ಮೇಲಿಟ್ಟು ಗುರುತು ಹಾಕಿ ಕೊಟ್ಟ. ಅವಳು ಸುತ್ತಿಗೆ ಎತ್ತಿದಳು.

"ಅವತ್ತು ನಾನು ಹೇಳ್ಬೇಕಿತ್ತು," ಎಂದ.

ಸುತ್ತಿಗೆ ಮೇಲೆಯೇ ನಿಂತಿತು. "ಹೂಂ. ಹೇಳ್ಬೇಕಿತ್ತು." ಒಂದು ಏಟು ಹಾಕಿದಳು. "ಲಾರಿ ಕೆಳಗಿದ್ದೆ ಅಂತ ಅಕ್ಕ ಹೇಳಿದ್ಳು. ನೀನು ಹೇಳ್ಲಿಲ್ಲ." ಇನ್ನೊಂದು ಏಟು. "ಆಮೇಲೆ ಆಡಿದ ಮಾತು ಇದೆಯಲ್ಲ, ಅದು ಅದಕ್ಕಿಂತ ಹೆಚ್ಚು ಚುಚ್ಚಿತು."

"ಅದು ಸುಳ್ಳು. ನೀನು ಬರ್ತಿದ್ದೆ. ನಾನೇ ಮನೇಲಿ ಇರ್ತಿರಲಿಲ್ಲ."

ಅವಳು ನಡುವಿನ ತೂತನ್ನೂ ಅಂಚನ್ನೂ ಕತ್ತರಿಸಿ ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದಳು. ಮೂರು ತೂತುಗಳಿಂದ ಸಂಜೆಯ ಆಕಾಶ ಕಂಡಿತು. "ಸರಿಯಿದೆಯಾ ನೋಡು," ಎಂದಳು.

ಸರಿಯಾಗಿಯೇ ಇತ್ತು. ಬೋಲ್ಟು ಬಿಗಿದು, ಎಂಜಿನ್ ಚಾಲೂ ಮಾಡಿ ಕಾಲು ಗಂಟೆ ಮೂವರೂ ಟಾರ್ಚು ಹಿಡಿದು ನಿಂತರು. ಹೊಸ ಗೆರೆ ಇಳಿಯಲಿಲ್ಲ. "ಹಿಂದಿನ ಸೀಲು ಸ್ವಲ್ಪ ಬೆವರ್ತಾ ಇರುತ್ತೆ ಅಕ್ಕ. ಅದಕ್ಕೋಸ್ಕರ ಎಂಜಿನ್ ಇಳಿಸೋದು ಬೇಡ. ತಿಂಗಳಿಗೊಮ್ಮೆ ಎಣ್ಣೆ ನೋಡ್ಕೋ, ಸಾಕು."

"ನನ್ನ ಮಂಡಿಗೂ ಡಾಕ್ಟರು ಇದನ್ನೇ ಹೇಳಿದ್ದು," ಎಂದಳು ಅಕ್ಕ.

ಅವನು ಬೋಲ್ಟು ಬಿಗಿಯುವ ಪಾನಾಗಳನ್ನು ಒರೆಸಿ, ಹರಿದ ಟವೆಲಿನಲ್ಲಿ ಸುತ್ತಿಡಲು ಹೋದ. ತಂಗಿ ಟವೆಲನ್ನು ಕಿತ್ತುಕೊಂಡಳು. ಪಾನಾಗಳನ್ನು ಒಂದೊಂದಾಗಿ ಚರ್ಮದ ಮೇಲೆ ಜೋಡಿಸಿ ಅವುಗಳ ಸುತ್ತ ಬಿಳಿ ಬಳಪದಲ್ಲಿ ಗೆರೆ ಎಳೆಯತೊಡಗಿದಳು. ಹನ್ನೊಂದು ಪಾನಾಗಳು, ದೊಡ್ಡದರಿಂದ ಸಣ್ಣದಕ್ಕೆ.

"ಇವಕ್ಕೆ ಚೀಲ ಹೊಲಿಯೋಕೆ ಒಂದು ವಾರ ಬೇಕು," ಎಂದಳು, ತಲೆಯೆತ್ತದೆ. "ನೀನೇ ಬಂದು ತಗೊಂಡು ಹೋಗ್ಬೇಕು. ಅಕ್ಕನ ಕೈಯಲ್ಲಿ ಕಳಿಸಲ್ಲ."

"ಬರ್ತೀನಿ," ಎಂದ ಅವನು, ಕೊನೆಯ ಪಾನಾ ಜಾರದಂತೆ ಅದರ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು.