ಹಿಂದಕ್ಕೆ ಬೀಳುವ ಪಾಠ

"ಮುಂದಿನವರು ಎತ್ತಿ ಹಿಡೀರಿ, ಹಿಂದಿನವರು ಬಗ್ಗಿ! ತಿರುವು ಬಂತು, ತಿರುವು!"

ವಾಲಿಬಾಲ್ ಮೇಷ್ಟ್ರ ಗಂಟಲು ಇಲ್ಲಿಯೂ ಮೈದಾನದ ಗಂಟಲೇ. ಸುತ್ತಲಿನ ಶಾಲೆಗಳ ಆಟದ ಮೇಷ್ಟ್ರುಗಳೆಲ್ಲ ಹೆಗಲು ಕೊಟ್ಟು, ತಮಗೆಲ್ಲ ಆಟ ಕಲಿಸಿದ ದೊಡ್ಡ ಮೇಷ್ಟ್ರ ಹೆಣವನ್ನು ಇಕ್ಕಟ್ಟಿನ ಮೆಟ್ಟಿಲಲ್ಲಿ ಇಳಿಸುತ್ತಿದ್ದರು.

"ಇದ್ದಾಗಲೂ ಬೆವರಿಳಿಸಿದ್ರು, ಹೋದ್ಮೇಲೂ ಬಿಡ್ತಿಲ್ವಲ್ಲಪ್ಪಾ," ಎಂದ ಈಜು ಕಲಿಸುವವನು. ಯಾರೋ ನಕ್ಕರು. ನಕ್ಕ ತಪ್ಪಿಗೆ ಕೆಮ್ಮಿದರು.

ಹುಡುಗಿಯರ ಶಾಲೆಯ ಆಟದ ಟೀಚರ್ ಮೇಲಿನ ಬಾಗಿಲಲ್ಲಿ ದೊಡ್ಡ ಮೇಷ್ಟ್ರ ಹೆಂಡತಿಯ ತೋಳು ಹಿಡಿದು ನಿಂತಿದ್ದಳು. ಬೆಳಗಿನಿಂದ ಒಂದು ಮಾತು ಹೇಳಬೇಕೆಂದಿದ್ದಳು. ಇಂಥ ಹೊತ್ತಲ್ಲಿ ಆಡುವ ಮಾತಲ್ಲವೆಂದು ಗೊತ್ತಿದ್ದೂ ಬಾಯಿಬಿಟ್ಟಳು.

"ಅಮ್ಮಾ, ಹಿಂದಕ್ಕೆ ಬೀಳೋದನ್ನ ಅವರು ನನಗೆ ಹೇಳಿಕೊಡಲೇ ಇಲ್ಲ. ನಮ್ಮ ಹುಡುಗೀರು ಟೀವಿ ನೋಡಿಕೊಂಡು ಕೋಲಿಗೆ ಬೆನ್ನು ಹಾಕಿ ಎತ್ತರ ಜಿಗೀತಿದಾರೆ. ಬೇಡ ಅಂದ್ರೆ ನಾನಿಲ್ಲದಾಗ ಜಿಗೀತಾರೆ."

ಆಕೆ ಕೆಳಗೆ ಬೀದಿಯತ್ತ ನೋಡಿದರು. ಅಲ್ಲಿ ಒಬ್ಬ ಮುದುಕ, ಮನೆಯೊಳಗೆ ಕಾಲಿಡದೆ, ಲೈಟುಕಂಬದ ಪಕ್ಕ ನಿಂತಿದ್ದರು. ಎಲ್ಲರ ಬಾಯಲ್ಲಿ ಅವರು ಸೀಟಿ ಸಾರ್. ಮಾತಾಡಬೇಕಾದ ಕಡೆಯೆಲ್ಲ ಸೀಟಿ ಊದಿಯೇ ನೌಕರಿ ಮುಗಿಸಿದವರು.

"ಅವರನ್ನ ಕೇಳಮ್ಮ. ಎಷ್ಟೋ ವರ್ಷದ ಹಿಂದೆ ನಮ್ಮ ಯಜಮಾನ್ರು ಅದನ್ನ ಮೇಷ್ಟ್ರುಗಳ ಸಭೇಲಿ ತೋರಿಸಿದ್ರು. ಆ ಸೀಟಿ ಸಾರ್ ನೋಡ್ಕೊಂಡು ಹೋಗಿ ತಮ್ಮ ಶಾಲೇಲಿ ಕಲಿಸಿದ್ರು. ಒಂದು ಹುಡುಗಿಗೆ ಕುತ್ತಿಗೆ ಮುರೀತು. ಉಳೀಲಿಲ್ಲ." ಆಕೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಅವತ್ತಿಂದ ಇಬ್ಬರಿಗೂ ಮಾತಿಲ್ಲ. ಇವರು ಯಾರಿಗೂ ಅದನ್ನ ತೋರಿಸಲೂ ಇಲ್ಲ."

* * *

ಬೇರೆಯವರು ಓಡುವುದು, ಹಾರುವುದು ಕಲಿಸಿದರೆ ದೊಡ್ಡ ಮೇಷ್ಟ್ರು ಮೊದಲು ಬೀಳುವುದು ಕಲಿಸುತ್ತಿದ್ದರು. "ನೆಲದ ಜೊತೆ ಜಗಳಕ್ಕೆ ನಿಲ್ಲಬೇಡಮ್ಮ, ಒಪ್ಪಿಸ್ಕೊಂಡ್ಬಿಡು," ಎನ್ನುತ್ತ, ಕ್ರೀಡಾ ಸಾಮಾನಿನ ಕೋಣೆಯಲ್ಲಿ ಹುಲ್ಲು ತುಂಬಿದ ಹಾಸಿಗೆಯ ಮೇಲೆ ಟೀಚರ್‌ಗೆ ತಾವೇ ಬಿದ್ದು ತೋರಿಸುತ್ತಿದ್ದರು. ಮುಂದಕ್ಕೆ, ಪಕ್ಕಕ್ಕೆ. ಪ್ರತಿ ಸಲ ಎದ್ದಮೇಲೆ ಕಣ್ಣುಮುಚ್ಚಿ, ತಮ್ಮ ಮೈಯನ್ನೇ ಯಾರದೋ ಮೈಯೆಂಬಂತೆ ತಡವಿಕೊಳ್ಳುವರು. ಮೊಣಕೈ, ಮಣಿಕಟ್ಟು, ಬೆರಳು.

"ಏನಾದ್ರೂ ಹೇಳೋದು ಬಿಟ್ನಾ? ಸರಿಯಾಗಿ ನೋಡಿದ್ಯಾ?"

"ನೋಡಿದೆ ಸಾರ್. ಹಿಂದಕ್ಕೆ ಬೀಳೋದೊಂದು ಉಳೀತು."

"ಮುಂದಿನ ವಾರ ನೋಡೋಣ," ಎಂದು ಹಾಸಿಗೆ ಸುತ್ತಿಡುವರು. ಎಷ್ಟೋ ವಾರ ಹೀಗೆಯೇ ಕಳೆದವು.

* * *

ಸ್ಮಶಾನದಲ್ಲಿ ಗುಂಡಿ ಮುಚ್ಚಿಯಾಗಿತ್ತು. ಉಳಿದ ಸಡಿಲ ಮಣ್ಣು ಪಕ್ಕದಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಮೇಷ್ಟ್ರುಗಳು ನಲ್ಲಿಯ ಹತ್ತಿರ ಕೈ ತೊಳೆಯುತ್ತ, ಮಕ್ಕಳ ಪರೀಕ್ಷೆಯ ಮಾತಿಗೆ ಇಳಿದಿದ್ದರು. ಹೆಣದ ಹಿಂದೆಯೇ ಬಂದಿದ್ದ ಸೀಟಿ ಸಾರ್ ಮಾತ್ರ ಗುಂಡಿಯ ಬಳಿಯಿಂದ ಕದಲಿರಲಿಲ್ಲ. ಟೀಚರ್ ಹತ್ತಿರ ಹೋಗಿ, ಹಿಂದಕ್ಕೆ ಬೀಳುವುದು ಹೇಗೆಂದು ಕೇಳಿದಳು.

"ಇವತ್ತೇ ಬೇಕಿತ್ತಾ ಇದು?"

"ನಾಳೆ ಶಾಲೆ ಇದೆ ಸಾರ್. ಮಕ್ಕಳು ನನಗಾಗಿ ಕಾಯಲ್ಲ."

ಮುದುಕ ಸಡಿಲ ಮಣ್ಣನ್ನು ಕಾಲಿನಿಂದ ಒತ್ತಿ ನೋಡಿದರು. "ಅವನು ಕೈ ಹೇಳ್ದ, ಮಂಡಿ ಹೇಳ್ದ, ಬೆನ್ನು ಹೇಳ್ದ. ನಾನು ಒಂದಕ್ಷರ ಬಿಡದೆ ಮಕ್ಕಳಿಗೆ ಒಪ್ಪಿಸ್ದೆ. ಗದ್ದ ಎದೆಗೆ ಒತ್ಕೋಬೇಕು ಅನ್ನೋದನ್ನ ಅವನು ಹೇಳ್ಲೇ ಇಲ್ಲ. ಬೇಕೂಂತ ಮುಚ್ಚಿಟ್ಟ ಅಂತ ಎಷ್ಟು ವರ್ಷ ಬೈಕೊಂಡೆ. ಮುಚ್ಚಿಟ್ಟಿರಲಿಲ್ಲಮ್ಮ. ಅವನ ಕುತ್ತಿಗೆ ತಾನಾಗೇ ಬಾಗ್ತಿತ್ತು. ಅದು ಅವನಿಗೇ ಗೊತ್ತಿರಲಿಲ್ಲ."

"ಅವರಿಗೆ ಇದನ್ನ ಹೇಳಿದ್ರಾ ಸಾರ್?"

"ಹೇಳೋಕೆ ಮಾತಾಡ್ಬೇಕಲ್ಲ."

ಕಣ್ಣುಮುಚ್ಚಿ ಮೈ ತಡವಿಕೊಳ್ಳುತ್ತಿದ್ದ ಮನುಷ್ಯ ಅವಳ ಕಣ್ಣೆದುರು ಬಂದು ನಿಂತ. ಆ ಕೈ ಒಮ್ಮೆಯೂ ಕುತ್ತಿಗೆಯವರೆಗೆ ಏರಿದ್ದನ್ನು ಅವಳು ನೋಡಿರಲಿಲ್ಲ.

ಸೀಟಿ ಸಾರ್ ಚಪ್ಪಲಿ ಬಿಟ್ಟು, ಮಣ್ಣಿನ ಗುಡ್ಡೆಗೆ ಬೆನ್ನು ಹಾಕಿ ನಿಂತರು.

"ಹೇಳು, ಬೀಳ್ತೀನಿ. ನೀನು ಹೇಳಿದಷ್ಟೇ ಮಾಡೋದು. ಹೇಳದೇ ಇದ್ದದ್ದನ್ನ ಮಾಡಲ್ಲ."

"ಅಯ್ಯೋ ಬೇಡ ಸಾರ್, ಈ ವಯಸ್ಸಲ್ಲಿ..."

"ನಾಳೆ ಆ ಮಕ್ಕಳ ಮುಂದೆ ಹೀಗೇ ತಾನೆ ನಿಲ್ಲೋದು ನೀನು? ಹೇಳು."

ನಲ್ಲಿಯ ಹತ್ತಿರ ಮಾತು ನಿಂತಿತು. "ಮುದುಕನಿಗೆ ತಲೆ ಕೆಟ್ಟಿತೇನ್ರೋ," ಎಂದಿತು ಒಂದು ದನಿ.

ಟೀಚರ್ ಅವರಿಗೆ ಎದುರಾಗಿ ನಿಂತಳು. "ಗದ್ದ... ಗದ್ದ ಎದೆಗೆ ಒತ್ತಿಕೊಳ್ಳಿ. ಹಾಗೇ ಹಿಡ್ಕೊಂಡಿರಿ. ಮಂಡಿ ಮಡಚಿ, ಕೂರೋ ಹಾಗೆ ಕೆಳಗೆ ಬನ್ನಿ. ಬೆನ್ನು ಗುಂಡಗಿರಲಿ. ಕೈ ಹಿಂದೆ ಊರಬೇಡಿ, ಪಕ್ಕಕ್ಕೆ ಚಾಚಿ. ಅಂಗೈಯಿಂದ ನೆಲ ಬಡೀರಿ. ಉಸಿರು ಬಿಡಿ."

ಹೇಳಿದ್ದನ್ನೆಲ್ಲ ಮನಸ್ಸಿನಲ್ಲೇ ಮತ್ತೆ ತಡಕಿದಳು. ಇನ್ನೇನೋ ಉಳಿದಿದೆ ಅನ್ನಿಸಿತು. ಅಷ್ಟರಲ್ಲಿ ಅವರು ಮೈಬಿಟ್ಟಿದ್ದರು.

ಧೊಪ್ಪೆಂದು ಸದ್ದಾಯಿತು. ಅಂಗೈಗಳು ಮಣ್ಣಿಗೆ ಬಡಿದವು. ಟೀಚರ್ ಓಡಿ ಮಂಡಿಯೂರಿ ಕೈ ಚಾಚಿದಳು. ಅವರು ಹಿಡಿಯಲಿಲ್ಲ. ಬೆನ್ನೆಲ್ಲ ಮಣ್ಣಿನಲ್ಲಿ ಹೂತಿತ್ತು. ನರೆತ ತಲೆ ಮಾತ್ರ ನೆಲಕ್ಕೆ ತಾಗದೆ ಮೇಲೆಯೇ ನಿಂತಿತ್ತು. ಕತ್ತಿನ ನರಗಳು ಉಬ್ಬಿ, ಗದ್ದ ಎದೆಯ ಮೇಲೆ ನಡುಗುತ್ತಿತ್ತು. ತಲೆ ಇಳಿಸಿ ಎಂದು ಅವಳು ಇನ್ನೂ ಹೇಳಿರಲಿಲ್ಲ.